ನಲವತ್ತು ನಿಮಿಷದ ಸುಳಿ

ಅಣೆಕಟ್ಟೆಯ ಬುಡದ ನೀರನ್ನು ಪಳಗಿಸಿದವನು ತಾನು, ಶಾಲು ಹೊದ್ದವನು ಭಗವಂತರಾಯ. ಎಂಟು ತಿಂಗಳಿಂದ ಮುನಿನಾರಾಯಣಪ್ಪನ ಹೊಟ್ಟೆಯಲ್ಲಿ ಇದೇ ಉರಿ. ಕೆ.ಆರ್. ಪುರದ ಒಂದು ಶೆಡ್ಡಿನಲ್ಲಿ ಅಣೆಕಟ್ಟೆಗಳ ಸಣ್ಣ ಮಾದರಿ ಕಟ್ಟಿ, ನೀರು ಹರಿಸಿ ಪರೀಕ್ಷೆ ಮಾಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿಯ ಬಡಗಿ ಅವನೇ. ಕೋಡಿಯಿಂದ ಧುಮುಕುವ ನೀರು ನದಿಯ ತಳವನ್ನೇ ಕಿತ್ತೆಸೆಯುತ್ತಿದ್ದಾಗ, ಬುಡದಲ್ಲಿ ಹಲ್ಲಿನಂಥ ದಿಮ್ಮಿಗಳನ್ನು ಎರಡು ಸಾಲು ಕೂರಿಸಿ ಅದರ ಅಬ್ಬರ ಇಳಿಸಿದ್ದು ಅವನ ಕೈ. ಎಂಜಿನಿಯರ್ ಭಗವಂತರಾಯ ಅದನ್ನು ತನ್ನ ಹೆಸರಿನಲ್ಲಿ ಬರೆದುಕೊಂಡ. ಸನ್ಮಾನದ ದಿನ, ನಮ್ಮ ಕಾರ್ಪೆಂಟರ್ ಕೂಡ ಸಹಕರಿಸಿದರು ಅಂದ. ಹೆಸರು ಹೇಳುವಷ್ಟು ಪುರುಸೊತ್ತೂ ಆ ಮಹಾರಾಯನಿಗೆ ಇರಲಿಲ್ಲ.

ಸಿಟ್ಟು ಬಂದವರೆಲ್ಲ ಕೊಲೆ ಮಾಡುವುದಿಲ್ಲ. ಮಾಡಿದವರೂ ಅವಸರಕ್ಕೆ ಬಿದ್ದು ಸಿಕ್ಕಿಬೀಳುತ್ತಾರೆ. ಮುನಿನಾರಾಯಣಪ್ಪ ಅಂಥವನಲ್ಲ, ಅಳತೆ ಹಿಡಿಯದೆ ಉಳಿ ಮುಟ್ಟಿದವನೇ ಅಲ್ಲ.

ಕೋಡಿಯ ಬುಡದ ನೀರಿನ ಗುಣ ಅವನಿಗೆ ಚೆನ್ನಾಗಿ ಗೊತ್ತು. ಅಲ್ಲಿ ಮೇಲಿನ ನೀರು ಮುಂದಕ್ಕೆ ಹೋಗದೆ, ತಿರುಗಿ ಅಣೆಕಟ್ಟೆಯ ಕಡೆಗೇ ಹೊರಳುತ್ತದೆ. ಬಿದ್ದದ್ದು ಏನೇ ಇರಲಿ, ಹೊಳೆಗೆ ತೇಲಿಹೋಗದೆ ಅಲ್ಲೇ ಮಗುಚುತ್ತಿರುತ್ತದೆ. ಎಷ್ಟು ಹೊತ್ತು? ಒಂದು ಭಾನುವಾರ ಯಾರೂ ಇಲ್ಲದಾಗ, ಒಂದೂವರೆ ಇಂಚಿನ ಮರದ ಮನುಷ್ಯನನ್ನು ಕೆತ್ತಿ, ತೂಕಕ್ಕೆ ಸೀಸ ತುಂಬಿ ಮಾದರಿಯ ನೀರಿಗೆ ಬಿಟ್ಟ. ನಾಲ್ಕು ಸಲ ಬಿಟ್ಟರೂ ಹೆಚ್ಚುಕಡಿಮೆ ನಲವತ್ತು ನಿಮಿಷಕ್ಕೆ ಹೊರಬಂತು. ನಿಜವಾದ ಅಣೆಕಟ್ಟೆ ಮಾದರಿಯ ನಲವತ್ತೊಂಬತ್ತು ಪಟ್ಟು. ಗುಣಿಸಿದ: ಮೂವತ್ತೆರಡು ಗಂಟೆ ನಲವತ್ತು ನಿಮಿಷ. ಒಳಗೊಳಗೇ ಹಿಗ್ಗಿದ.

ಉಳಿದದ್ದು ಸಲೀಸು. ಗುರುವಾರ ಮಧ್ಯಾಹ್ನ ನೂಕಿದರೆ ಹೆಣ ಮೇಲೆ ಬರುವುದು ಶುಕ್ರವಾರ ರಾತ್ರಿ. ಶುಕ್ರವಾರ ಬೆಳಿಗ್ಗೆ ಸತ್ತವನ ಫೋನಿನಿಂದ ಒಂದು ಸಂದೇಶ ಹೋದರೆ, ಅವನು ಮತ್ತೆ ಅಣೆಕಟ್ಟೆಗೆ ಒಬ್ಬನೇ ಹೋಗಿ ಕಾಲು ಜಾರಿದ ಅಂತಾಗುತ್ತದೆ. ಆ ದಿನವಿಡೀ ಮುನಿನಾರಾಯಣಪ್ಪ ಶೆಡ್ಡಿನಲ್ಲಿ ಎಲ್ಲರ ಕಣ್ಣೆದುರು ಹಲಗೆ ಕೊಯ್ಯುತ್ತಿರುತ್ತಾನೆ. ಭಗವಂತರಾಯನ ಹೆಂಡತಿ ಮಕ್ಕಳು ಕಲಬುರಗಿಯಲ್ಲಿ. ಕಲ್ಯಾಣ ನಗರದ ಬಾಡಿಗೆ ಕೋಣೆಯಲ್ಲಿ ಒಂದು ರಾತ್ರಿ ಅವನಿಲ್ಲವೆಂದು ಕೇಳುವವರಿಲ್ಲ. ಅವನ ಫೋನಿನ ಲಾಕ್ ತೆಗೆಯುವ ನಾಲ್ಕಂಕಿ ಇಡೀ ಶೆಡ್ಡಿಗೆ ಗೊತ್ತು.

ಗುರುವಾರ ಒಂದು ಗಂಟೆಗೆ, ಅಳತೆಗೆಂದು ಅಣೆಕಟ್ಟೆಗೆ ಬಂದ ಇಬ್ಬರೂ ಕೋಡಿಯ ಪಕ್ಕದ ಗೋಡೆಯ ಮೇಲಿದ್ದರು. ಗೇಟು ತೆರೆದಿತ್ತು, ಸದ್ದಿಗೆ ಕಿವಿ ಕೇಳುತ್ತಿರಲಿಲ್ಲ.

"ಫೋನ್ ಕೊಡಿ ಸಾರ್, ನೀರಿನ ಜೊತೆ ನಿಮ್ದೊಂದು ಫೋಟೊ ತೆಗೀತೀನಿ," ಅಂದ ಮುನಿನಾರಾಯಣಪ್ಪ ಕಿವಿಯ ಹತ್ತಿರ ಬಾಗಿ.

ಭಗವಂತರಾಯ ಅಂಗಿ ಸರಿಮಾಡಿಕೊಂಡು ನಿಂತ. "ಹಲ್ಲಿನ ಸಾಲೂ ಕಾಣಬೇಕ್ ನೋಡ್ರಿ," ಅಂದ. ಆ ಮಾತಿಗೆ ಮುನಿನಾರಾಯಣಪ್ಪನ ಕೈಗೆ ಇದ್ದ ಅಳುಕೂ ಹೋಯಿತು. ಒಂದೇ ನೂಕು.

ಆರು ಗಂಟೆಗೆ ಬಸ್ಸಿಳಿದವನೇ ಆಫೀಸಿನ ಉಮ್ಮೆ ಕುಲ್ಸುಂಗೆ ಫೋನು ಮಾಡಿ, ಸಾರೂ ತನ್ನ ಜೊತೆಗೇ ಇಳಿದು ಆಟೊ ಹತ್ತಿದರೆಂದು ಹೇಳಿದ. ಶುಕ್ರವಾರ ಎಂಟು ಗಂಟೆಗೆ ಇಂದಿರಾನಗರದ ಮೆಟ್ರೊ ಗದ್ದಲದಲ್ಲಿ ನಿಂತು, ಅಳತೆ ಬಾಕಿ ಇದೆ, ಮತ್ತೆ ಅಣೆಕಟ್ಟೆಗೆ ಹೊರಟಿದ್ದೇನೆ ಎಂದು ಸತ್ತವನ ಹೆಸರಿನಲ್ಲಿ ಅವಳಿಗೇ ಸಂದೇಶ ಕಳಿಸಿದ. ಫೋನು ಹಲಸೂರು ಕೆರೆಯ ಪಾಲಾಯಿತು. ಇಡ್ಲಿ ತಿಂದು ಶೆಡ್ಡಿಗೆ ಹೊರಟ.

ಶೆಡ್ಡಿನ ಬಾಗಿಲಲ್ಲಿ ಜೀಪು ನಿಂತಿತ್ತು. ಅತ್ತು ಕೆಂಪಾದ ಕಣ್ಣಲ್ಲಿ ಕುಲ್ಸುಂ ಅವನನ್ನೇ ನೋಡಿದಳು.

"ಮುನಿಯಣ್ಣ, ನಿನ್ನೆ ಸಾಯಂಕಾಲ ಆರು ಗಂಟೆ ಒಳಗೇ ಡ್ಯಾಮ್ ಹತ್ರ ಸಾರ್ ಬಾಡಿ ಸಿಕ್ಕಿದ್ಯಂತೆ. ಯಾರು ಅಂತ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಮತ್ತೆ ನಿಮ್ಮ ಜೊತೆ ಬಸ್ಸಿಳಿದೋರು ಯಾರು?"

ಅವಳ ಹಿಂದಿನಿಂದ ಇನ್‌ಸ್ಪೆಕ್ಟರ್ ಎದ್ದು ಬಂದ. ಮುನಿನಾರಾಯಣಪ್ಪ ಮನಸ್ಸಿನಲ್ಲೇ ಮತ್ತೊಮ್ಮೆ ಗುಣಿಸಿ ನೋಡಿದ. ಆರು ಗಂಟೆ ಒಳಗೆ ಹೆಣ ಹೇಗೆ ಮೇಲೆ ಬಂತು? ಇಪ್ಪತ್ತೆರಡು ವರ್ಷ ಅವನು ಉದ್ದ, ಅಗಲ, ಎತ್ತರ ಅಳೆದಿದ್ದ. ಹೊತ್ತಿನ ಲೆಕ್ಕ ಯಾವಾಗಲೂ ಎಂಜಿನಿಯರನದು. ಅಳತೆ ನಲವತ್ತೊಂಬತ್ತು ಪಟ್ಟು ಹಿಗ್ಗಿದರೆ, ನೀರಿನ ಹೊತ್ತು ಹಿಗ್ಗುವುದು ಅದರ ವರ್ಗಮೂಲದಷ್ಟು ಮಾತ್ರ. ಏಳು ಪಟ್ಟು. ನಲವತ್ತು ನಿಮಿಷಕ್ಕೆ ನಾಲ್ಕು ಗಂಟೆ ನಲವತ್ತು ನಿಮಿಷ. ಅದನ್ನು ಅವನಿಗೆ ಹೇಳಿಕೊಡಬಹುದಾಗಿದ್ದವನು ಇಡೀ ಶೆಡ್ಡಿನಲ್ಲಿ ಭಗವಂತರಾಯ ಒಬ್ಬನೇ.