ನೀಲಾಬಾಯಿಯ ಪಕ್ಕದವಳು

"ನೀಲಾಬಾಯಿ ಹ್ಯಾಸ್ ಬೀನ್ ಸ್ಮೈಲಿಂಗ್ ಸಿನ್ಸ್ ತ್ರೀ ಓ ಕ್ಲಾಕ್!"

ಮತ್ತೆ ನೀಲಾಬಾಯಿ! ಶೀಲಾವತಿಯ ಪೆನ್ಸಿಲ್ ಮೊನೆ ಪಟ್ಟನೆ ಮುರಿಯಿತು.

1971ರ ಚೆಂಬೂರು. ಊಟದ ಗಿರಾಕಿಗಳು ಹೋಗಿ ತಿಂಡಿಯವರು ಬರುವ ತನಕ, ಭಾನುವಾರ ಉಡುಪಿ ಹೋಟೆಲಿನ ಮಾಳಿಗೆಯಲ್ಲಿ ಇಂಗ್ಲಿಷ್ ಕ್ಲಾಸು. ಕಲಿಸುವವನು ಬಿಜಾಪುರದ ಕಡೆಯ ಚಂದ್ರಾಮ, ಫೋರ್ಟಿನ ಬ್ಯಾಂಕಿನಲ್ಲಿ ಗುಮಾಸ್ತ. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಅದೇ ಎರಡು ತಿಂಗಳಿಂದ ಪಾಠ. ಉದಾಹರಣೆ ಮಾತ್ರ ಕಣ್ಣೆದುರಿನದೇ ಆಗಬೇಕು, ನಿಜವಾಗಿರಬೇಕು. ಅದು ಅವನ ಕಟ್ಟಳೆ.

ಅವನ ಕಣ್ಣೆದುರು ನೀಲಾಬಾಯಿ ಒಬ್ಬಳೇ ಇರುವುದೇ? ಪಕ್ಕದಲ್ಲಿ ಕೂತ ನಾನೇನು ಕಂಬವೇ?

ಮೊದಲ ದಿನ ಶೀಲಾವತಿಯ ಕರಾವಳಿಯ "ಉಂಟು" ಎಂಬ ಮಾತನ್ನು ಅವಳದೇ ರಾಗದಲ್ಲಿ ಅಣಕಿಸಿ ನಕ್ಕಿದ್ದ. ಆ ನಗುವಿಗೇ ಸೋತಿದ್ದಳು ಹುಡುಗಿ...

"ಯಾಕ ಶೀಲಾ, ಮಾರಿ ಉಬ್ಬಿಸಿದೀ?" ನೀಲಾಬಾಯಿ ಪಿಸುಗುಟ್ಟಿದಳು.

"ಹಲ್ಲುನೋವು!"

ಮುಂದಿನ ಭಾನುವಾರ ಶೀಲಾವತಿ ನಿರ್ಧರಿಸಿಯೇ ಬಂದಳು. ಇದೇ ಕೊನೆಯ ಕ್ಲಾಸು! ಹೋಗಿ ಹಿಂದಿನ ಬೆಂಚಿನಲ್ಲಿ ಅಡುಗೆಯ ಮೋನಪ್ಪನ ಪಕ್ಕ ಕೂತಳು.

ಚಂದ್ರಾಮ ಬೋರ್ಡಿನಿಂದ ತಿರುಗಿದ. ಅವಳು ತಲೆ ಎತ್ತಿದಳು. ಅವನ ಕಣ್ಣು ತಟ್ಟನೆ ಪಕ್ಕಕ್ಕೆ ಸರಿಯಿತು.

"ಮೋನಪ್ಪ ಹ್ಯಾಸ್ ಬೀನ್... ಸ್ಕ್ರ್ಯಾಚಿಂಗ್ ಹಿಸ್ ಇಯರ್!"

ಎರಡನೆಯ ಉದಾಹರಣೆಯೂ ಮೋನಪ್ಪ. ಮೂರನೆಯದೂ ಮೋನಪ್ಪ!

"ಎಂತ ಮಾರಾಯ್ರೇ, ಇವತ್ತು ನನ್ನ ಮೇಲೆ ಕಣ್ಣಾ ನಿಮ್ಗೆ?"

ಕ್ಲಾಸು ಗೊಳ್ಳೆಂದಿತು. ಶೀಲಾವತಿ ಮಾತ್ರ ನಗಲಿಲ್ಲ. ನೀಲಾಬಾಯಿ ಹಳೆಯ ಜಾಗದಲ್ಲೇ ನಗುತ್ತಾ ಕೂತಿದ್ದಾಳೆ, ಅವಳ ಹೆಸರೇ ಇಲ್ಲ! ಹಾಗಾದರೆ... ಅವನು ನೋಡುತ್ತಿದ್ದದ್ದು ಯಾರನ್ನು?

ಎಲ್ಲರೂ ಇಳಿದು ಹೋದ ಮೇಲೆ ಅವನೆದುರು ನಿಂತಳು.

"ಮಾಸ್ಟ್ರೇ, ಮೋನಪ್ಪಣ್ಣನ ಕಿವಿ ಅಷ್ಟು ಚಂದ ಉಂಟಾ?"

ಚಂದ್ರಾಮನ ಮುಖ ಕೆಂಪಾಯಿತು. "ನಾ ನೋಡೂದು ನಿಮ್ಮನ್ನರೀ... ನೀವು ಮಾರಿ ಎತ್ತಿದ ಕೂಡ್ಲೆ, ಸಿಕ್ಕಿಬಿದ್ದೆ ಅಂತ ಎದಿ ಧಸಕ್ ಅಂತದ. ಬಾಜೂಕ ಯಾರು ಕುಂತಿರ್ತಾರೋ, ಅವ್ರ ಹೆಸರು ಬಂದುಬಿಡ್ತದ."

"ಅಯ್ಯೋ! ಎರಡು ತಿಂಗಳು ನೀಲಾಳಿಗೆ ಶಾಪ ಹಾಕಿದ್ದೆಲ್ಲ ದಂಡವಾ?"

"ಶಾಪಾ? ಯಾಕ?"

"ಯಾಕೆ ಅಂತೆ!" ಅವಳ ಕಣ್ಣು ತುಂಬಿತು. "ಹೊಟ್ಟೆಕಿಚ್ಚು ಮಾರಾಯ್ರೇ! ನಿಮ್ಮ ಬಾಯಲ್ಲಿ ಬೇರೆಯವಳ ಹೆಸರು ನನ್ನಿಂದ ಕೇಳ್ಲಿಕ್ಕೆ ಆಗುದಿಲ್ಲ..."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಹಂಗಾರ ಮುಂದಿನ ಆಯ್ತಾರ ಬರ್ತೀರೇನು? ಎಲ್ಲಿ ಕುಂಡ್ರತೀರಿ?"

"ಕಿಟಕಿ ಹತ್ರ, ಒಬ್ಬಳೇ. ಆಗ ಯಾರ ಹೆಸರು ಹೇಳ್ತೀರಿ, ನೋಡುವಾ!"

"ಶೀಲಾ..."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅಷ್ಟು ಮೆಲ್ಲ ಹೇಳಿದ್ರೆ ಮೋನಪ್ಪಣ್ಣನಿಗೆ ಕೇಳುದಿಲ್ಲ ಮಾಸ್ಟ್ರೇ..."