ಮಾವನ ಮಳಿಗೆ

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಠಾಣೆಗೆ ಬಂದದ್ದು ಕಳವಿನ ದೂರು. ತಂದವಳು ಪೇಟೆ ಬೀದಿಯ ಲಾಂಡ್ರಿಯವಳು. ಗಂಡನ ಜೊತೆ ಪರದೇಶದಿಂದ ಬಂದು ಎರಡು ವರ್ಷದಿಂದ ಇಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಳು. ಗಂಡನಿಗೆ ಇಲ್ಲಿನ ಮಾತು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅವಳು ಮಾತ್ರ ಗಿರಾಕಿಗಳ ಜೊತೆ ಜಗಳಾಡಿ ಜಗಳಾಡಿಯೇ ಭಾಷೆ ಕಲಿತಿದ್ದಳು.

"ಏನೇನು ಹೋಗಿದೆ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಒಗೆಯೋ ಮಷೀನು ಎರಡು, ಒಣಗಿಸೋದು ಒಂದು, ದೊಡ್ಡ ಇಸ್ತ್ರಿ ಯಂತ್ರ. ಗುರುವಾರದೊಳಗೆ ಹುಡುಕಿಕೊಡಿ ಮೇಡಂ."

"ಗುರುವಾರ ಏನಿದೆ?"

"ವಲಸೆ ಕಚೇರಿಯವರು ಬರ್ತಾರೆ. ಅಂಗಡಿ ನಡೀತಿರೋದನ್ನ ಅವರು ಕಣ್ಣಾರೆ ನೋಡಬೇಕು. ಇಲ್ಲಾಂದ್ರೆ ಪರ್ಮಿಟ್ ಇಲ್ಲ, ಗಂಟುಮೂಟೆ ಕಟ್ಟಬೇಕು."

ಹೊರಗಿನವರು ಇಲ್ಲಿ ಬಂದು ವ್ಯಾಪಾರ ಮಾಡಲು ಮೂರು ದಾರಿಗಳಿದ್ದವು. ಮೂಟೆಗಟ್ಟಲೆ ಬಂಡವಾಳ ಹೂಡಬೇಕು. ಇಲ್ಲವೇ ಯಾರೂ ಕಾಣದ ಹೊಸ ಸರಕನ್ನು ಕಂಡುಹಿಡಿದು ತರಬೇಕು. ಅದೂ ಆಗದಿದ್ದರೆ ಇಲ್ಲಿನವರೊಬ್ಬರನ್ನು ಪಾಲುದಾರರನ್ನಾಗಿ ಇಟ್ಟುಕೊಂಡು ಸಣ್ಣ ಅಂಗಡಿ ತೆರೆದು, ಎರಡು ವರ್ಷ ನಡೆಸಿ ತೋರಿಸಬೇಕು. ಬಟ್ಟೆ ಒಗೆಯುವುದರಲ್ಲಿ ಹೊಸದೇನಿದೆ? ಹಾಗಾಗಿ ಗಂಡಹೆಂಡಿರು ಮೂರನೆಯ ದಾರಿ ಹಿಡಿದಿದ್ದರು. ಪಾಲುದಾರನೇ ಮಳಿಗೆಯ ಮಾಲೀಕ. ಪರ್ಮಿಟ್ಟಿನ ಓಡಾಟವನ್ನೂ ಅವನೇ ಮಾಡಿದ್ದ. ತನ್ನನ್ನು ಮಾವ ಎಂದು ಕರೆಯಬೇಕೆಂದು ಮೊದಲ ದಿನವೇ ಹೇಳಿದ್ದನಂತೆ.

ಹೆಡ್ ಕಾನ್‌ಸ್ಟೇಬಲ್ ಎಫ್‌ಐಆರ್ ಬರೆದ. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಒಂಬತ್ತು ಗಂಟೆಗೆ ಲಾಂಡ್ರಿಯವಳ ಜೊತೆ ಅವನೂ ಇನ್‌ಸ್ಪೆಕ್ಟರೂ ಅಂಗಡಿ ತಲುಪಿದರು.

ಶಟರಿನ ಬೀಗವನ್ನು ಕತ್ತರಿಸಿದ್ದರು. ಒಳಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಯಂತ್ರದೊಳಗಿದ್ದ ಲಾಡ್ಜಿನ ಹಾಸುಬಟ್ಟೆಗಳನ್ನು ಒದ್ದೆಯಾಗಿಯೇ ಎಳೆದು ಮೂಲೆಗೆ ಎಸೆದಿದ್ದರು. ಭಾನುವಾರ ಅಂಗಡಿಗೆ ರಜೆ, ಶನಿವಾರ ರಾತ್ರಿಯಿಂದ ಅವು ಅಲ್ಲೇ ಮುಗ್ಗುತ್ತಿದ್ದವು. ಗೋಡೆಗೆ ತಗುಲಿಸಿದ್ದ ಇಬ್ಬರ ಏಪ್ರನ್ನುಗಳ ಮೇಲೂ ಯಾರೋ ಕೊಳಕು ಕೈ ಒರೆಸಿದ್ದರು.

ಆದರೆ ನೆಲ ಕನ್ನಡಿಯ ಹಾಗಿತ್ತು. ಅಷ್ಟು ಭಾರದ ಯಂತ್ರಗಳನ್ನು ಸಾಗಿಸಿದ್ದರೂ ಒಂದೇ ಒಂದು ಟೈಲ್ಸ್ ಬಿರುಕು ಬಿಟ್ಟಿರಲಿಲ್ಲ. ನಲ್ಲಿಗಳನ್ನು ತಿರುಗಿಸಿ ಭದ್ರ ಮಾಡಿದ್ದರು, ಪೈಪಿನ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದರು. ಟೈಲ್ಸಿನ ಸಂದಿಯಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು.

"ಕಳ್ಳನಿಗೆ ನೆಲದ ಮೇಲೆ ಇಷ್ಟು ಅಕ್ಕರೆ ಯಾಕ್ರೀ?" ಎಂದು ಮೀಸೆಯನ್ನು ಕೇಳಿದರು.

ಮೀಸೆ ಬಾಯಿ ತೆರೆಯುವಷ್ಟರಲ್ಲಿ ಮಾವ ಬಂದ. ಐವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಕಣ್ಣಲ್ಲಿ ಆಗಲೇ ನೀರು. ಲಾಂಡ್ರಿಯವಳ ತಲೆ ನೇವರಿಸಿದ.

"ಅಳಬೇಡ ಮಗಳೇ, ನಾನಿದ್ದೀನಿ. ಆದ್ರೆ ಗುರುವಾರಕ್ಕೆ ಏನೂ ಮಾಡೋಕಾಗಲ್ಲ ಅನ್ಸತ್ತೆ. ನಿಮ್ಮ ಹಣೇಲಿ ಬರೆದಿಲ್ಲ. ಊರಿಗೆ ಹೋಗಿ ನೆಮ್ಮದಿಯಾಗಿರಿ."

ಮಾತಿನ ನಡುವೆ ಅವನ ಕಣ್ಣು ಮೀಸೆಯ ಬೂಟಿನ ಕಡೆ ಹೋಯಿತು. ಬೂಟಿನ ಕೆಸರು ನೆಲಕ್ಕೆ ಹತ್ತಿತ್ತು. ಮಾವ ಕೂತು, ಕಣ್ಣೊರೆಸಿದ ಅದೇ ಕರವಸ್ತ್ರದಿಂದ ಕೆಸರನ್ನು ಒರೆಸಿ, ಮತ್ತೆ ಎದ್ದು ಅಳು ಮುಂದುವರಿಸಿದ. ನಾಲ್ಕು ಹೆಜ್ಜೆ ಆಚೆ ನಾರುತ್ತಿದ್ದ ಹಾಸುಬಟ್ಟೆಗಳ ಕಡೆ ಆತ ತಿರುಗಿಯೂ ನೋಡಿರಲಿಲ್ಲ.

"ಈ ನೆಲ ಹಾಕಿಸಿದ್ದು ಯಾರು?" ಎಂದರು ಇನ್‌ಸ್ಪೆಕ್ಟರ್.

"ನಮ್ಮಪ್ಪ. ಈಗ ಇಂಥ ಟೈಲ್ಸ್ ಸಿಗಲ್ಲ ಮೇಡಂ."

ಮಧ್ಯಾಹ್ನ ಮೀಸೆ ವಲಸೆ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದ. ಅದೇ ಮಳಿಗೆ, ಅದೇ ಪಾಲುದಾರ. ಲಾಂಡ್ರಿಗೆ ಮುಂಚೆ ಅಲ್ಲಿ ಒಬ್ಬ ಬೇಕರಿಯವನಿದ್ದ, ಅವನಿಗೂ ಮುಂಚೆ ಅಕ್ಕತಂಗಿಯರ ಹೊಲಿಗೆ ಅಂಗಡಿ. ಎಲ್ಲರೂ ಹೊರದೇಶದವರು. ತಪಾಸಣೆಯ ದಿನ ಎಲ್ಲರ ಅಂಗಡಿಯೂ ಖಾಲಿ. ಬೇಕರಿಯವನು ಇದೇ ಠಾಣೆಗೆ ದೂರನ್ನೂ ಕೊಟ್ಟಿದ್ದ. ಫಿರ್ಯಾದಿ ದೇಶ ಬಿಟ್ಟಿದ್ದಾನೆಂದು ಆ ಕಡತ ಮುಚ್ಚಿದ್ದರು.

"ಕಳಕೊಂಡೋರನ್ನೆಲ್ಲ ಸರ್ಕಾರವೇ ವಿಮಾನ ಹತ್ತಿಸಿ ಕಳಿಸಿದೆ ಮೇಡಂ," ಎಂದ ಮೀಸೆ. "ಕಳ್ಳನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?"

ಮಂಗಳವಾರ ಟೆಂಪೊ ಸ್ಟ್ಯಾಂಡಿನಲ್ಲಿ ಒಬ್ಬ ಚಾಲಕ ಸಿಕ್ಕಿದ. ಮೊದಲು ಏನೂ ಗೊತ್ತಿಲ್ಲವೆಂದ. ಠಾಣೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತ ಮೇಲೆ ಬಾಯಿ ಬಿಟ್ಟ.

"ಯಾರು ಕರೆದದ್ದು?"

"ಮಳಿಗೆ ಯಜಮಾನ್ರೇ. ಮಷೀನು ರಿಪೇರಿಗೆ ಅಂದ್ರು."

"ಬೀಗ ಕತ್ತರಿಸಿದ್ದು?"

"ಅವರೇ. ಕೀ ಕಳೆದುಹೋಗಿದೆ ಅಂದ್ರು. ಗೋಣಿ ಹಾಸಿಸಿ, ಹಲಗೆ ಇಡ್ಸಿ ಪ್ರಾಣ ತಿಂದ್ಬಿಟ್ರು ಮೇಡಂ. ಒಂದು ಟೈಲ್ಸ್ ಒಡೆದ್ರೂ ಕೂಲಿ ಕೊಡಲ್ಲ ಅಂತಿದ್ರು."

ಬುಧವಾರ ಬೆಳಿಗ್ಗೆ ನ್ಯಾಯಾಲಯದ ಅನುಮತಿ ಪಡೆದು, ಇಬ್ಬರು ಪಂಚರನ್ನು ಕರೆದುಕೊಂಡು ಮಾವನ ಮನೆ ಹಿತ್ತಲಿನ ಗೋದಾಮು ತೆರೆಸಿದರು. ಲಾಂಡ್ರಿಯ ಯಂತ್ರಗಳು ಮುಂದೆಯೇ ಇದ್ದವು. ಗಂಡನ ಜೊತೆ ಬಂದಿದ್ದ ಲಾಂಡ್ರಿಯವಳು ಗುರುತಿಸಿದಳು. ಅವುಗಳ ಹಿಂದೆ ತುಕ್ಕು ಹಿಡಿದ ಬೇಕರಿ ಒಲೆ, ಅದರೊಳಗೆ ಇಲಿಗಳ ಸಂಸಾರ. ಹಿಟ್ಟು ಕಲಸುವ ತೊಟ್ಟಿಯ ತಳದಲ್ಲಿ ಹಳೇ ಹಿಟ್ಟು ಕಪ್ಪಗೆ ಬೂಸ್ಟು ಹಿಡಿದಿತ್ತು. ಅದರಾಚೆ ಹೊಲಿಗೆ ಯಂತ್ರಗಳು. ಒಂದರ ಸೂಜಿಯ ಕೆಳಗೆ ಅರ್ಧ ಹೊಲಿದ ಮಗುವಿನ ಅಂಗಿ ಹಾಗೇ ಇತ್ತು.

ಪಂಚರಲ್ಲೊಬ್ಬ ಹೊರಗೋಡಿ ವಾಂತಿ ಮಾಡಿಕೊಂಡ. ಪಂಚನಾಮೆ ಬರೆಯುತ್ತಿದ್ದ ಮೀಸೆ ತಲೆಯೆತ್ತಿದ.

"ಒಂದನ್ನೂ ಮಾರಿಲ್ವಲ್ಲ ಮೇಡಂ! ಮಾರದೆ ಇರೋದಕ್ಕೆ ಯಾಕೆ ಕದೀಬೇಕು?"

ಮಾರಿ ತಿಂದಿದ್ದರೆ ಇನ್‌ಸ್ಪೆಕ್ಟರ್‌ಗೂ ಅರ್ಥವಾಗುತ್ತಿತ್ತು. ತಿನ್ನದೆ ಕೊಳೆಹಾಕಿದ್ದನ್ನು ಕಂಡು ಅವರಿಗೆ ಹೇಸಿಗೆಯಾಯಿತು.

ಮಾವನ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಹಜಾರದಲ್ಲಿ ಕುರ್ಚಿ ಎಳೆದುಕೊಂಡು ಕೂತು ಲಾಂಡ್ರಿಯವಳ ಕಡೆಗೇ ತಿರುಗಿದ.

"ನೋಡು ಮಗಳೇ, ದೂರು ವಾಪಸ್ ತಗೋ. ಸಂಜೆಯೊಳಗೆ ಮಷೀನು ನಾನೇ ಕೂರಿಸಿಕೊಡ್ತೀನಿ. ನಾಳೆ ಅಧಿಕಾರಿ ಎದುರು ಪಾಲುದಾರ ಅಂತ ನಿಂತು ಸಹಿ ಹಾಕ್ತೀನಿ. ನನ್ನನ್ನ ಒಳಗೆ ಹಾಕಿಸಿದ್ರೆ ನಿನಗೆ ಪಾಲುದಾರನೇ ಇಲ್ಲ. ಪಾಲುದಾರನಿಲ್ಲ ಅಂದ್ರೆ ಪರ್ಮಿಟ್ ಎಲ್ಲಿ?"

ಅವಳು ಇನ್‌ಸ್ಪೆಕ್ಟರ್ ಮುಖ ನೋಡಿದಳು. "ನಿಜವಾ ಮೇಡಂ?"

"ನಿಜ," ಎಂದರು ಇನ್‌ಸ್ಪೆಕ್ಟರ್. ಸುಳ್ಳು ಹೇಳಿ ಸಮಾಧಾನ ಮಾಡುವ ಮನಸ್ಸಾಗಲಿಲ್ಲ. "ಮಷೀನು ಕೂಡ ನ್ಯಾಯಾಲಯ ಬಿಡೋವರೆಗೆ ಠಾಣೇಲೇ ಇರಬೇಕು. ಕೇಸು ಬೇಡ ಅಂದ್ರೆ ಈಗಲೇ ಹೇಳಮ್ಮ, ನಾನು ತಪ್ಪು ತಿಳಿಯಲ್ಲ."

ಗಂಡ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದ. ಒಪ್ಪಿಕೊಳ್ಳೋಣ ಎನ್ನುತ್ತಿದ್ದಾನೆಂದು ಅವನ ಕೈಗಳೇ ಹೇಳುತ್ತಿದ್ದವು. ಅವಳೂ ತಲೆತಗ್ಗಿಸಿದಳು. ಎರಡು ವರ್ಷ ಊರವರ ಕೊಳೆ ತೊಳೆದದ್ದು ನಾಳೆಯ ಒಂದು ಸಹಿಗೋಸ್ಕರ.

ಆಗ ಮಹಡಿಯ ಮೆಟ್ಟಿಲಿಳಿದು ಬಸುರಿ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಟೀ ಲೋಟ. ಬಂದು ವಾರವೂ ಆಗಿರದ ಪರದೇಶದವಳು. ಗಂಡನ ಜೊತೆ ಮಾವನ ಅದೇ ಮಳಿಗೆಯಲ್ಲಿ ಸೆಲೂನು ಇಡಲು ಬಂದಿದ್ದಳು. ಮನೆ ತುಂಬ ಪೊಲೀಸರನ್ನು ಕಂಡು ಅಲ್ಲೇ ನಿಂತಳು. ಕಲಿತಿದ್ದ ನಾಲ್ಕು ಮಾತುಗಳಲ್ಲೇ ಕೇಳಿದಳು: "ಮಾವ, ಏನಾಯ್ತು? ಟೀ ತಗೊಳ್ಳಿ."

"ಏನಿಲ್ಲ ಮಗಳೇ, ನೀನು ಮೇಲೆ ಹೋಗು," ಎಂದ ಮಾವ. ಲಾಂಡ್ರಿಯವಳಿಗೆ ಬೆಣ್ಣೆ ಹಚ್ಚಿದ್ದ ಅದೇ ದನಿ.

ಲಾಂಡ್ರಿಯವಳು ಆ ಹೆಂಗಸಿನ ಕೈಯಿಂದ ಲೋಟ ಇಸಿದುಕೊಂಡು ಕಿಟಕಿಯಾಚೆ ಚೆಲ್ಲಿದಳು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಇವನನ್ನ ಎಳ್ಕೊಂಡು ಹೋಗಿ ಮೇಡಂ. ನನ್ನ ಅಂಗಡಿ ಹಾಳಾಗಿ ಹೋಗ್ಲಿ."

ಹನ್ನೊಂದೂವರೆಗೆ ಬಂಧನವಾಯಿತು. ಜೀಪು ಹತ್ತುವಾಗಲೂ ಮಾವ ನಗುತ್ತಿದ್ದ. "ನಾಳೆ ಇವಳನ್ನ ಗಡಿ ದಾಟಿಸ್ತಾರೆ. ಸಾಕ್ಷಿ ಹೇಳೋಕೆ ಯಾರು ಬರ್ತಾರೆ, ಇಲಿಗಳಾ?"

ಗುರುವಾರ ಹತ್ತು ಗಂಟೆಗೆ ವಲಸೆ ಅಧಿಕಾರಿ ಬಂದ. ಖಾಲಿ ಅಂಗಡಿಯಲ್ಲಿ ಗಂಡಹೆಂಡಿರು ತೊಳೆದ ಏಪ್ರನ್ ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಇನ್‌ಸ್ಪೆಕ್ಟರ್. ಯಂತ್ರಗಳೆಲ್ಲಿ, ಪಾಲುದಾರನೆಲ್ಲಿ ಎಂದು ಆತ ಕೇಳಿದ. ಎರಡೂ ನಮ್ಮ ಠಾಣೆಯಲ್ಲಿವೆ ಎಂದರು ಇನ್‌ಸ್ಪೆಕ್ಟರ್. ಆತನಿಗೆ ನಗು ಬರಲಿಲ್ಲ. ಪರ್ಮಿಟ್ ಮುಂದುವರಿಸಲು ಅವಕಾಶವಿಲ್ಲ ಎಂದು ಬರೆದ. ಇನ್‌ಸ್ಪೆಕ್ಟರ್ ತಮ್ಮ ಪತ್ರ ಮುಂದಿಟ್ಟರು: ಇವರಿಬ್ಬರೂ ಪ್ರಕರಣದ ಮುಖ್ಯ ಸಾಕ್ಷಿಗಳು, ವಿಚಾರಣೆ ಮುಗಿಯುವವರೆಗೆ ದೇಶ ಬಿಡಿಸಕೂಡದು. ಅಧಿಕಾರಿ ಎರಡು ಸಲ ಓದಿ, ಮೊಹರು ಒತ್ತಿ, ಇಲ್ಲೇ ಇರಬಹುದು, ಆದರೆ ದುಡಿಯುವಂತಿಲ್ಲ ಎಂದ.

"ಕೈಕಟ್ಟಿ ಕೂತಿರಬೇಕಾ?" ಲಾಂಡ್ರಿಯವಳು ಕೇಳಿದಳು.

"ನಿಯಮ ಹಾಗಿದೆ," ಎಂದು ಅಧಿಕಾರಿ ಹೊರಟ.

ಸಂಜೆ ಲಾಕಪ್ಪಿನಲ್ಲಿ ಹೇಳಿಕೆ ತೆಗೆದುಕೊಂಡರು. ಸಾಕ್ಷಿಗಳು ಇಲ್ಲೇ ಇರುತ್ತಾರೆಂದು ತಿಳಿದ ಮೇಲೆ ಮಾವನ ನಗು ನಿಂತಿತ್ತು.

"ಯಾಕೆ ಮಾಡಿದ್ರಿ? ಮಾರೋಕೂ ಅಲ್ಲ, ಬಳಸೋಕೂ ಅಲ್ಲ."

"ಅಪ್ಪ ಆ ಮಳಿಗೆ ನನಗಂತ ಕಟ್ಟಿಸಿದ್ದು. ಚಪ್ಪಲಿ ಅಂಗಡಿ ಇಟ್ಟೆ, ಮುಳುಗ್ತು. ಪಾತ್ರೆ ಅಂಗಡಿ ಇಟ್ಟೆ, ಅದೂ ಮುಳುಗ್ತು. ನಾನು ಕೂತ್ರೆ ನೊಣ ಬಿಟ್ರೆ ಯಾರೂ ಬರ್ತಿರಲಿಲ್ಲ. ಇಲ್ಲಿ ಹುಟ್ಟಿ ಬೆಳೆದ ನನಗೇ ಆಗಲಿಲ್ಲ, ಮಾತೂ ಬಾರದ ಇವರಿಗೆ ಹೇಗಾಗತ್ತೆ, ಇವರೂ ಮುಳುಗ್ತಾರೆ ಅಂದ್ಕೊಂಡೇ ಕರ್ಕೊಂಡು ಬಂದೆ. ಒಬ್ಬರೂ ಮುಳುಗಲಿಲ್ಲ ಮೇಡಂ. ಅದೇ ಬಾಗಿಲಲ್ಲಿ ಜನ ಸಾಲು ನಿಂತ್ರು. ನೋಡೋಕಾಗಲಿಲ್ಲ."

ಮೀಸೆ ಅದಷ್ಟನ್ನೂ ಬರೆದುಕೊಂಡು ಸಹಿ ಹಾಕಿಸಿದ. ಇನ್‌ಸ್ಪೆಕ್ಟರ್ ಎದ್ದರು. ಬೆಳಗಿನಿಂದ ಮುಟ್ಟದ ಊಟದ ತಟ್ಟೆ ಕಂಬಿಯ ಹತ್ತಿರ ಹಾಗೇ ಇತ್ತು.

"ಮೇಡಂ," ಮಾವ ಕರೆದ. "ಈಗ ಮಳಿಗೇಲಿ ಯಾರಾದ್ರೂ ಇದ್ದಾರಾ?"

"ಇಲ್ಲ. ಖಾಲಿ."

ಮಾವ ತಲೆಯಾಡಿಸಿದ. ಮುಖ ಸಡಿಲವಾಯಿತು. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಹೊಟ್ಟೆ ತುಂಬ ಉಂಡ.