ಬೀಟ್ ಪುಸ್ತಕಗಳಲ್ಲಿ ಸಿಕ್ಕ ಟಗರು

೧೯೭೯ರ ನವೆಂಬರ್‌ನಲ್ಲಿ ಪಾವಗಡ ಠಾಣೆಗೆ ವೈ.ಎನ್.ಹೊಸಕೋಟೆ ಕಡೆಯ ಕ್ಯಾತಮ್ಮ ಬಂದು, ತನ್ನ ಬೀಜದ ಟಗರು ಕಳುವಾಗಿದೆ ಎಂದಳು.

ಕಾನ್‌ಸ್ಟೇಬಲ್ ಬೋರಪ್ಪ ನಕ್ಕ. "ಎಲ್ಲೋ ಮೇಯಾಕೆ ಹೋಗಿರ್ತದೆ, ಬರ್ತದೆ ಬುಡಮ್ಮ."

"ತಪ್ಪಿಸ್ಕಂಡು ಹೋಗೋ ಟಗರಲ್ಲ ಕಣಪ್ಪ ಅದು. ನಮ್ಮಟ್ಟಿ ಮರಿಗಳೆಲ್ಲ ಅದರವೇ. ಬರ್ಕೋ."

ಅಲ್ಲೇ ಇದ್ದ ಸರ್ಕಲ್ ಇನ್ಸ್‌ಪೆಕ್ಟರ್ ಸಂಜೀವಯ್ಯ ಎಫ್‌ಐಆರ್ ಹಾಕಿಸಿದರು. ಮಧುಗಿರಿ, ಸಿರಾ, ಕೊರಟಗೆರೆಗೂ ಫೋನ್ ಮಾಡಿದರು. ನಮ್ಮಲ್ಲಿ ಇಂಥದ್ದಿಲ್ಲ ಎಂದೇ ಎಲ್ಲರ ಉತ್ತರ. ಅವರೆಲ್ಲ ಠಾಣೆಯ ದಿನಚರಿಯನ್ನಷ್ಟೇ ನೋಡಿ ಹೇಳುತ್ತಿದ್ದರು. ಠಾಣೆಯ ಕೆಳಗೆ ಹೊರಠಾಣೆಗಳಿದ್ದವು, ಅವುಗಳ ಕೆಳಗೆ ಗಸ್ತಿನ ಪೊಲೀಸರು ಬರೆದಿಡುವ ಹಳ್ಳಿಗಳ ಬೀಟ್ ಪುಸ್ತಕಗಳಿದ್ದವು. ಅಲ್ಲಿ ಬರೆದದ್ದನ್ನು ಮೇಲಿನವರು ಓದುತ್ತಲೇ ಇರಲಿಲ್ಲ.

ಸಂಜೀವಯ್ಯ ಮೇಲಧಿಕಾರಿಗಳ ಒಪ್ಪಿಗೆ ಪಡೆದು ನಾಲ್ಕೂ ತಾಲ್ಲೂಕಿಗೆ ಒಂದೇ ಆದೇಶ ಕಳುಹಿಸಿದರು. ಪ್ರತಿ ಠಾಣೆ ತನ್ನ ಕೆಳಗಿನ ಪುಸ್ತಕವನ್ನು, ಅದರ ಕೆಳಗಿನದನ್ನು, ಕೊನೆಯ ಹಳ್ಳಿಯವರೆಗೂ ದಿನಾ ಸಂಜೆ ನೋಡಬೇಕು. ಹಳೆಯದನ್ನು ಒಮ್ಮೆ ಓದಿದರೆ ಸಾಕು, ಆಮೇಲೆ ಹೊಸ ಸಾಲುಗಳು ಮಾತ್ರ. ಹೊಸ ಹೊರಠಾಣೆ ತೆರೆದರೆ ಅದೂ ತಾನಾಗಿ ಸೇರಬೇಕು. 'ಟಗರು' ಎಂಬ ಮಾತು ಕಂಡರೆ ಕೂಡಲೇ ಫೋನ್.

"ಇಷ್ಟೆಲ್ಲ ಒಂದು ಟಗರಿಗಾ ಸಾರ್?" ಎಂದ ಬೋರಪ್ಪ.

"ಒಂದೇನಾ ಅಂತ ನೋಡಾಣ."

ವಾರದೊಳಗೆ ಫೋನುಗಳು ಬಂದವು. ಸಿರಾದ ಒಂದು ಹಳ್ಳಿಯಲ್ಲಿ ಹೋದ ವರ್ಷವೇ ಬರೆದ 'ಟಗರು ದಾರಿತಪ್ಪಿದೆ', ಕೊರಟಗೆರೆ ಕಡೆ 'ತೋಳ ಹಿಡಿದಿರಬಹುದು'. ಕ್ಯಾತಮ್ಮನದೂ ಸೇರಿ ಒಟ್ಟು ಆರು, ಎಲ್ಲವೂ ಬೀಜದವೇ. ಕೊನೆಗೆ ತಿರುಮಣಿ ಬಳಿ ಆಗಷ್ಟೇ ತೆರೆದ ಹೊರಠಾಣೆಯಿಂದ ಸುದ್ದಿ: ಕಡಲೆಕಾಯಿ ಮೂಟೆಯ ವ್ಯಾನಿನೊಳಗೆ ಟಗರು ಕೂಗಿದ್ದು ಕೇಳಿಸಿದೆ, ಚಾಲಕ ಕದಿರಯ್ಯ, ಮಧುಗಿರಿ ಕಡೆಯವನು.

ಬೋರಪ್ಪ ಎದೆಯುಬ್ಬಿಸಿ ಜೀಪು ಹತ್ತಿದ.

ಕದಿರಯ್ಯನ ಹೊಲದ ದೊಡ್ಡಿಯಲ್ಲಿ ಆರೂ ಟಗರು ಸಿಕ್ಕವು, ಜೊತೆಗೆ ಅವನು ಕೊಂಡ ಹೆಣ್ಣು ಕುರಿಗಳು, ಮೊದಲು ಕದ್ದ ಟಗರುಗಳಿಗೆ ಹುಟ್ಟಿದ ಮೈತುಂಬಿದ ಮರಿಗಳು. ಕ್ಯಾತಮ್ಮನನ್ನು ಕರೆಸಿ, ಅವಳು ತನ್ನದನ್ನು ಗುರುತಿಸಿದ ಮೇಲೆ ಪಂಚನಾಮೆ ಬರೆದು ಅವನನ್ನು ಬಂಧಿಸಿದರು.

"ಯಾಕೆ ಮಾರಲಿಲ್ಲ?" ಸಂಜೀವಯ್ಯ ಕೇಳಿದರು.

"ಮಾರಾಕೆ ತಂದಿದ್ದಲ್ಲ ಸಾ. ನಮ್ಮಪ್ಪನ ಮಂದೆ ಅಂದ್ರೆ ನಾಕೂರಿಗೆ ಹೆಸರು. ರೋಗ ಬಂದು ಒಂದೂ ಉಳೀಲಿಲ್ಲ. ಜನ ನನ್ನ ಬರೀ ಡ್ರೈವರ್ ಅಂದ್ರು. ಅಂಥ ಮಂದೆ ಇನ್ನೊಂದ್ಸಲ ಕಟ್ಟಬೇಕು ಅನ್ನಿಸ್ತು."

ಕ್ಯಾತಮ್ಮ ಒಂದು ಮರಿಯ ಬೆನ್ನು ಸವರಿ ನೋಡಿದಳು. "ಕದ್ದಿದ್ದು ತಪ್ಪು ಕಣ್ಲಾ. ಆದ್ರೆ ಚೆನ್ನಾಗಿ ಸಾಕಿದ್ದೀಯ."

ಬೇಡಿ ಹಾಕಿಸಿಕೊಂಡ ಕದಿರಯ್ಯ ತಲೆ ಎತ್ತಿಕೊಂಡೇ ಜೀಪಿನ ಕಡೆ ನಡೆದ.